ಇಲಿಬೋನಿನ ಕೊಕ್ಕೆ

ಅಟ್ಟದಲ್ಲಿ ಕರಕರ ಸದ್ದು ಕೇಳಿದ ರಾತ್ರಿಯೇ ಅಮ್ಮ ಮರದ ಇಲಿಬೋನು ಇಳಿಸುತ್ತಿದ್ದಳು. ಗೇಣುದ್ದದ ಪೆಟ್ಟಿಗೆ, ಹಿಂದೆ ತಂತಿಯ ಜಾಲರಿ, ಮುಂದೆ ಸ್ಪ್ರಿಂಗಿನ ಬಾಗಿಲು. ಒಳಗಿನ ಕೊಕ್ಕೆಗೆ ಕೊಬ್ಬರಿ ಚೂರು ಸಿಕ್ಕಿಸಬೇಕು. ಹಾಗೇ ಅಲ್ಲ, ಕೆಂಡದ ಮೇಲೆ ಅಂಚು ಕಪ್ಪಾಗಿ ಎಣ್ಣೆ ಒಸರುವಷ್ಟು ಸುಟ್ಟು. ಆ ಘಮಕ್ಕೆ ಬಾರದ ಇಲಿಯನ್ನು ನಾನು ಕಂಡಿಲ್ಲ.

ಬೋನಿನ ಜೀವವೆಲ್ಲ ಕೊಕ್ಕೆಯ ತುದಿಯಲ್ಲಿದೆ. ಬಾಗಿಲಿನಿಂದ ಬಂದ ಕಡ್ಡಿ ಪೆಟ್ಟಿಗೆಯ ನೆತ್ತಿಯ ಮೇಲೆ ಹಾದು ಕೊಕ್ಕೆಗೆ ಕೂದಲೆಳೆಯಷ್ಟೇ ತಗುಲಿರಬೇಕು. ಹೆಚ್ಚು ಸಿಕ್ಕಿಸಿದರೆ ಇಲಿ ಕೊಬ್ಬರಿ ತಿಂದು ಹೊರಟೇಹೋಗುತ್ತದೆ. ಕಡಿಮೆಯಾದರೆ ನೆಲಕ್ಕಿಡುವಾಗಲೇ ಬಾಗಿಲು ಫಟ್ಟೆಂದು ಬೆರಳು ಕಚ್ಚುತ್ತದೆ. ಹದ ಸಿಕ್ಕರೆ ಸುಮಾರು 20 ಗ್ರಾಂ ತೂಗುವ ಪುಟ್ಟ ಇಲಿಯ ಎಳೆತಕ್ಕೂ ಅದು ಓಗೊಡುತ್ತದೆ. ಎಂಥ ಕುಶಲ ಕೆಲಸ!

1894ರಲ್ಲಿ ಅಮೆರಿಕದ ವಿಲಿಯಂ ಹೂಕರ್ ಪೇಟೆಂಟ್ ಪಡೆದ ಸ್ಪ್ರಿಂಗ್ ಕತ್ತರಿಯೂ ಜಾಣ ಯಂತ್ರವೇ. ಅಂಟುಹಲಗೆಯನ್ನು ಮಾತ್ರ ನಾನು ಸಹಿಸಲಾರೆ. ಅದರ ಮೇಲೆ ಇಲಿ ಗಂಟೆಗಟ್ಟಲೆ ಒದ್ದಾಡುತ್ತದೆ.

ಬೋನನ್ನು ಗೋಡೆಯಂಚಿಗೇ ಇಡಬೇಕು. ಇಲಿ ಗೋಡೆಗೆ ಮೀಸೆ ತಾಗಿಸಿಕೊಂಡೇ ಓಡುವ ಪ್ರಾಣಿ. ಪೆನ್ಸಿಲ್ ತೂರುವಷ್ಟು ಕಂಡಿ ಇದ್ದರೂ ಮುಚ್ಚಲೇಬೇಕು, ಇಲ್ಲದಿದ್ದರೆ ನಾಳೆ ಇನ್ನೊಂದು ಬಂದೀತು.

ಬೆಳಿಗ್ಗೆ ಅಮ್ಮ ಬೋನನ್ನು ಗೋಣಿಯಲ್ಲಿ ಸುತ್ತಿ ದೂರದ ಹೊಲದ ಬದುವಿಗೆ ಒಯ್ಯುತ್ತಿದ್ದಳು. ಬಾಗಿಲೆತ್ತಿದರೆ ಇಲಿ ಒಂದು ಕ್ಷಣ ಮೂಗಾಡಿಸಿ, ಹುಲ್ಲಿನೊಳಗೆ ಮಾಯ. ಮನೆಗೆ ಬಂದು ಖಾಲಿ ಪೆಟ್ಟಿಗೆಗೆ ಬಿಸಿನೀರು ಸುರಿದು, ಹಿತ್ತಿಲ ಬಿಸಿಲಿಗೆ ಒರಗಿಸುತ್ತಿದ್ದಳು.