ಸಂಕ್ರಾಂತಿಗೆ ರೆಕ್ಕೆ ಕಳಚುವ ಹಕ್ಕಿ

ಅಟ್ಲಾಂಟಾದ ಕನ್ನಡಿಗರಿಗೆ ಲೇನಿಯರ್ ಸರೋವರವೆಂದರೆ ಬೇಸಿಗೆ. ಪಿಕ್ನಿಕ್ಕು, ದೋಣಿ, ಬಾರ್ಬೆಕ್ಯೂ ಒಲೆಯ ಮೇಲೆ ಸುಟ್ಟ ಜೋಳ. ಚಟ್ಟಹೂಚಿ ನದಿಗೆ ಅಡ್ಡಕಟ್ಟೆ ಹಾಕಿ 1950ರ ದಶಕದಲ್ಲಿ ನಿಲ್ಲಿಸಿದ ಈ ನೀರಿನ ಅತ್ಯುತ್ತಮ ಅತಿಥಿಗಳು ಬರುವುದು ಮಾತ್ರ ನಾವು ಅತ್ತ ತಲೆಹಾಕದ ಕಾಲದಲ್ಲಿ. ನವೆಂಬರ್‌ನಲ್ಲಿ ಉತ್ತರದ ಸರೋವರಗಳಿಂದ ಲೂನ್ ಎಂಬ ನೀರುಹಕ್ಕಿಗಳು ಇಳಿಯುತ್ತವೆ, ಏಪ್ರಿಲ್‌ವರೆಗೆ ಇರುತ್ತವೆ.

ಲೂನ್ ಎಂದೊಡನೆ ಅಮೆರಿಕನ್ನರ ಕಣ್ಣಿಗೆ ಬರುವುದು ಕಪ್ಪುಬಿಳುಪು ಚೌಕುಳಿಯ ಬೆನ್ನು, ಕೆಂಪು ಕಣ್ಣು, ರಾತ್ರಿ ಸರೋವರವನ್ನೇ ನಡುಗಿಸುವ ಕೂಗು. ಹಾಲಿವುಡ್ಡಿನವರಿಗಂತೂ ಆ ಕೂಗು ಎಷ್ಟು ಇಷ್ಟವೆಂದರೆ, ಲೂನ್ ಸುಳಿಯದ ಕಾಡಿನ ದೃಶ್ಯಕ್ಕೂ ಅದನ್ನೇ ಅಂಟಿಸುತ್ತಾರೆ. ಆದರೆ ಆ ವೇಷ, ಆ ಗಾಯನ ಎಲ್ಲವೂ ಮಿನ್ನೆಸೋಟ, ಮೇಯ್ನ್, ಕೆನಡಾಗಳಲ್ಲಿ ಗೂಡು ಕಟ್ಟುವಾಗಿನದು. ದಕ್ಷಿಣಕ್ಕೆ ಬರುವಾಗ ಅದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಬಾಯಿ ಬಿಡುವುದೂ ಅಪರೂಪ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನ ಗುರುತು ಊರಿನ ಮಕ್ಕಳಿಗೂ ಸಿಗುತ್ತದೆ. ತಲೆಯ ಮೇಲಿನ ಪಟ್ಟೆಯನ್ನು ಅದು ಎಲ್ಲಿಯೂ ಬಿಚ್ಚಿಡುವುದಿಲ್ಲ. ಲೂನ್ ಬರುವುದು ಮಾರುವೇಷದಲ್ಲಿ. ಹಾಗಾಗಿ ಲೇನಿಯರ್ ದಂಡೆಯಲ್ಲಿ ಮನೆ ಮಾಡಿಕೊಂಡವರೂ ಅದನ್ನು ನೀರುಕಾಗೆ ಎಂದುಕೊಂಡು ಸುಮ್ಮನಾಗುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಈಜುವಾಗ ನೀರುಕಾಗೆ ಕೊಕ್ಕನ್ನು ಆಕಾಶದತ್ತ ಎತ್ತಿರುತ್ತದೆ, ಲೂನ್ ನೀರಿಗೆ ಸಮನಾಗಿ ಚಾಚಿರುತ್ತದೆ. ನೀರುಕಾಗೆ ಕಂಬದ ಮೇಲೆ ಕುಳಿತು ರೆಕ್ಕೆ ಒಣಗಿಸುತ್ತದೆ, ಲೂನ್ ಎಲ್ಲಿಯೂ ಕೂರುವುದಿಲ್ಲ. ಕಾಲುಗಳು ದೇಹದ ತೀರಾ ಹಿಂದಕ್ಕಿರುವುದರಿಂದ ನೆಲದ ಮೇಲೆ ಸರಿಯಾಗಿ ನಡೆಯಲೂ ಬಾರದು. ಬಿಳಿ ಗಂಟಲು, ಚೂರಿಯಂಥ ಕೊಕ್ಕು. ಮುಳುಗುವ ಮೊದಲು ಮುಖವನ್ನಷ್ಟೇ ನೀರಿಗೆ ಅದ್ದಿ ಇಣುಕುತ್ತದೆ. ನಮ್ಮ ಕೆರೆಯ ಗುಳುಮುಳುಕ ಪಟಕ್ಕನೆ ಮುಳುಗಿ ಪಟಕ್ಕನೆ ಏಳುವುದನ್ನು ನೋಡಿ ಬೆಳೆದವರಿಗೆ ಲೂನ್‌ನ ಈ ಸಾವಧಾನ ವಿಶೇಷವಾಗಿ ಕಾಣುತ್ತದೆ. ಹೆಚ್ಚಿನ ಹಕ್ಕಿಗಳ ಮೂಳೆ ಟೊಳ್ಳು, ಇದರದು ಬಹುಪಾಲು ಗಟ್ಟಿ. ಹಾಗಾಗಿ ಸದ್ದಿಲ್ಲದೆ ಇಳಿಯುತ್ತದೆ, 60 ಮೀಟರ್ ಆಳದವರೆಗೂ ಹೋಗಬಲ್ಲದು.

ಚಳಿಗಾಲದಲ್ಲಿ ನೋಡಲೇಬೇಕಾದದ್ದು ಬೇರೊಂದಿದೆ. ಸಂಕ್ರಾಂತಿಯ ಹೊತ್ತಿಗೆ ಪ್ರಾಯದ ಲೂನ್‌ಗಳು ಹಾರುಗರಿಗಳನ್ನು ಒಟ್ಟಿಗೇ ಉದುರಿಸತೊಡಗುತ್ತವೆ. ಒಂದೊಂದಾಗಿ ಅಲ್ಲ, ಒಂದೇ ಸಲ. ಹೊಸ ಗರಿ ಬರುವವರೆಗೆ ಕೆಲವು ವಾರ ಅವು ಹಾರಲಾರವು. ಯುಗಾದಿಯ ಸುಮಾರಿಗೆ ಹೊಸ ರೆಕ್ಕೆ, ಹೊಸ ಚೌಕುಳಿ ಎರಡೂ ಸಿದ್ಧ. ಅವು ತಮ್ಮ ಬದುಕಿನ ಅತ್ಯಂತ ಅಸಹಾಯಕ ವಾರಗಳನ್ನು ಕಳೆಯುವುದು ಕೆರೊಲಿನಾದ ಕಡಲಿನಲ್ಲಿ, ದಕ್ಷಿಣ ಕೆರೊಲಿನಾದ ಜೊಕ್ಯಾಸಿಯಂಥ ಜಲಾಶಯಗಳಲ್ಲಿ. ಜೊಕ್ಯಾಸಿಯ ನೀರು ತಿಳಿ, ಆಳ 300 ಅಡಿಗೂ ಹೆಚ್ಚು. ಒಳನಾಡಿನ ಲೂನ್‌ಗಳ ಚಳಿಗಾಲವನ್ನು ವಿಜ್ಞಾನಿಗಳು ಕೂತು ಅಭ್ಯಾಸ ಮಾಡಿರುವ ವಿರಳ ತಾಣಗಳಲ್ಲಿ ಅದೂ ಒಂದು.

ಲೇನಿಯರ್‌ನ ಗಾಳಗಾರರಿಗೆ ಲೂನ್ ಚೆನ್ನಾಗಿಯೇ ಗೊತ್ತು. ಲೂನ್ ಎಲ್ಲಿ ಮುಳುಗುತ್ತಿದೆಯೋ ಅಲ್ಲಿ ಸಣ್ಣಮೀನಿನ ಹಿಂಡಿದೆ, ಅದರ ಕೆಳಗೆ ದೊಡ್ಡ ಸ್ಟ್ರೈಪರ್ ಮೀನು ಇದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ. ಆದರೆ ಹಾರಲಾರದ ಹಕ್ಕಿಯತ್ತಲೇ ಮೋಟಾರು ದೋಣಿ ತಿರುಗುತ್ತದೆ, ಅದು ಉಣ್ಣುವ ಜಾಗಕ್ಕೇ ಗಾಳಕ್ಕೆ ಕಟ್ಟಿದ ಸೀಸದ ಗುಂಡು ಬೀಳುತ್ತದೆ. ಅರೆಯುವುದಕ್ಕೆಂದು ಲೂನ್ ಬೆಣಚುಕಲ್ಲು ನುಂಗುತ್ತದೆ. ಕಲ್ಲಿನ ಜೊತೆಗೋ, ದಾರ ಹರಿದುಕೊಂಡು ಹೋದ ಮೀನಿನ ಜೊತೆಗೋ ಸೀಸವೂ ಒಳಗೆ ಹೋಗುತ್ತದೆ. ಜಠರದ ಆಮ್ಲಕ್ಕೆ ಅದು ಕರಗಿ ರಕ್ತಕ್ಕೆ ಸೇರಿದರೆ ಕೆಲವೇ ವಾರಗಳಲ್ಲಿ ಸಾವು. ಒಂದು ಗುಂಡು ಸಾಕು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸತ್ತು ಸಿಕ್ಕ ಪ್ರಾಯದ ಲೂನ್‌ಗಳ ಸಾವಿಗೆ ಮುಖ್ಯ ಕಾರಣ ಇದೇ ಎಂದು ತಿಳಿದ ಮೇಲೆ ಆ ರಾಜ್ಯ 2000ದಲ್ಲಿ ನಿರ್ಬಂಧ ತಂದಿತು, 2016ರಲ್ಲಿ ಬಿಗಿಮಾಡಿತು. ಲೂನ್ ಮೊದಲ ಗೂಡು ಕಟ್ಟುವುದು ಸುಮಾರು ಆರನೇ ವರ್ಷಕ್ಕೆ. ಸಾಮಾನ್ಯವಾಗಿ ಎರಡೇ ಮೊಟ್ಟೆ. ಪ್ರಾಯದ ಒಂದು ಹಕ್ಕಿ ಹೋದರೆ ಆ ನಷ್ಟ ಬೇಗ ತುಂಬುವಂಥದ್ದಲ್ಲ.

ದಕ್ಷಿಣದವರು ಲೂನ್ ಬಿಟ್ಟ ಕಥೆಯೂ ಇದೆ. ಉತ್ತರ ಕೆರೊಲಿನಾದ ಹಾರ್ಕರ್ಸ್ ದ್ವೀಪದ ಜನ ವಸಂತದಲ್ಲಿ ಶಾಕಲ್‌ಫರ್ಡ್ ಮರಳುದಂಡೆಯಲ್ಲಿ ಸಾಲಾಗಿ ನಿಂತು, ಉತ್ತರಕ್ಕೆ ಹೊರಟ ಲೂನ್‌ಗಳಿಗೆ ಗುಂಡು ಹೊಡೆಯುತ್ತಿದ್ದರು. ಮಾಂಸ ಅಡುಗೆಗೆ, ಕಾಲಿನ ಮೂಳೆ ಮ್ಯಾಕೆರೆಲ್ ಹಿಡಿಯುವ ಗಾಳಕ್ಕೆ. 1918ರ ವಲಸೆಹಕ್ಕಿ ಕಾಯ್ದೆ ಬಂದ ಮೇಲೂ ದಶಕಗಟ್ಟಲೆ ಇದು ನಡೆದು, 1950ರ ಹೊತ್ತಿಗೆ ಸರ್ಕಾರ ಕೈಹಾಕಿದ ಮೇಲೆ ಬಹುಮಟ್ಟಿಗೆ ನಿಂತಿತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಪಕ್ಷಿವಿಜ್ಞಾನಿಯಾಗಿದ್ದ ಸ್ಟಾರ್ಸ್ ಆಲ್ಸನ್ ಈ ಬೇಟೆಯ ಚರಿತ್ರೆಯನ್ನು ಸಂಗಡಿಗರೊಂದಿಗೆ ದಾಖಲಿಸಿದ್ದಾರೆ. ಬಡ ಮೀನುಗಾರರ ಆ ಬೇಟೆಯ ಬಗ್ಗೆ ನನಗೆ ಸಿಟ್ಟು ಬರುವುದಿಲ್ಲ. ತುಂಡು ಸೀಸಕ್ಕಾಗಿ ಹಟ ಹಿಡಿಯುವ ಇಂದಿನ ಹವ್ಯಾಸಿಗಳ ಬಗ್ಗೆ ಬರುತ್ತದೆ. ತವರ, ಉಕ್ಕು, ಟಂಗ್‌ಸ್ಟನ್ ಗುಂಡುಗಳು ಅಂಗಡಿಯಲ್ಲೇ ಇವೆ.

ವಾಷಿಂಗ್ಟನ್ ಸುತ್ತಲಿನವರಿಗೆ ಲೂನ್ ಸಿಗುವುದು ಚೆಸಾಪೀಕ್ ಕೊಲ್ಲಿಯಲ್ಲಿ, ವಲಸೆಯ ದಾರಿಯಲ್ಲಿ. ಶರತ್ಕಾಲದಲ್ಲಿ ಮೆನ್‌ಹೇಡನ್ ಮೀನಿನ ಹಿಂದೆ ಗುಂಪುಗೂಡುತ್ತವೆ. ಮಳೆ ಬಿದ್ದ ರಾತ್ರಿ ಒದ್ದೆ ರಸ್ತೆಯನ್ನೋ ಪಾರ್ಕಿಂಗ್ ಜಾಗವನ್ನೋ ನೀರೆಂದು ಭ್ರಮಿಸಿ ಇಳಿದುಬಿಡುವುದೂ ಉಂಟು. ನೀರಿನ ಮೇಲೆ ಉದ್ದಕ್ಕೆ ಓಡದೆ ಅದು ಏಳಲಾರದು. ಹಾಗೆ ಸಿಕ್ಕಿದರೆ ಹತ್ತಿರದ ಪುಟ್ಟ ಕೊಳಕ್ಕೆ ಬಿಡಬೇಡಿ, ಅಲ್ಲಿಂದಲೂ ಏಳದು. ಪರವಾನಗಿ ಇರುವ ವನ್ಯಜೀವಿ ಆರೈಕೆದಾರರಿಗೆ ಫೋನ್ ಮಾಡಿ. ಅವರು ಹಿಡಿಯಲು ಹೇಳಿದರೆ ಟವೆಲ್ ಮುಚ್ಚಿ ಪೆಟ್ಟಿಗೆಗೆ ಇಳಿಸಿ, ಕೊಕ್ಕಿನಿಂದ ನಿಮ್ಮ ಕಣ್ಣನ್ನು ದೂರವಿಡಿ.

ಈ ಜನವರಿಯಲ್ಲಿ ಎಳ್ಳುಬೆಲ್ಲ ಹಂಚಿ ಮುಗಿದ ಮೇಲೆ ಬೈನಾಕ್ಯುಲರ್ ಹಿಡಿದು ಲೇನಿಯರ್‌ಗೋ ಜೊಕ್ಯಾಸಿಗೋ ಹೋಗಿ. ದೋಣಿಯಲ್ಲಿದ್ದರೆ 150 ಅಡಿ ದೂರದಲ್ಲೇ ವೇಗ ಇಳಿಸಿ. ನಿಮ್ಮ ಮನೆಯ ಗಾಳದ ಡಬ್ಬಿಯಲ್ಲಿ ಸೀಸವಿದ್ದರೆ ಕಸಕ್ಕೆ ಎಸೆಯದೆ, ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟುಬನ್ನಿ.