‘ಅಪ್’ ಅಂದ ಮಾತ್ರಕ್ಕೆ

ವಿಲ್ಲಿ ಟ್ಯಾರೋ ಬರೆದ ಎಚ್‌ಎಪ್ರಾಕ್ಸಿ 2001ರಿಂದ ಬಳಕೆಯಲ್ಲಿದೆ. ಬಂದ ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಈ ಲೋಡ್ ಬ್ಯಾಲೆನ್ಸರ್‌ನ ವೇಗದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರೋದು ಅದು ನಮ್ಮ ಜೊತೆ ಮಾತಾಡೋ ರೀತಿಯ ಬಗ್ಗೆ.

ಸರ್ವರ್ ಸಾಲಿನಲ್ಲಿ ಬರೀ ‘ಚೆಕ್’ ಅಂತ ಬರೆದರೆ ಅದು ಎರಡು ಸೆಕೆಂಡಿಗೊಮ್ಮೆ ಪೋರ್ಟಿನ ಬಾಗಿಲು ತಟ್ಟುತ್ತದೆ. ಸತತ ಮೂರು ಸಲ ಬಾಗಿಲು ತೆರೆಯದಿದ್ದರೆ ‘ಡೌನ್’. ತೆರೆದರೆ ಸಾಕು, ಒಳಗೆ ಕೆಲಸ ನಡೀತಿದೆಯಾ ಅಂತ ನೋಡೋದೇ ಇಲ್ಲ. ಡೇಟಾಬೇಸ್ ಬಿದ್ದು ಪ್ರತಿ ಪುಟವೂ 500 ದೋಷ ಕೊಡುತ್ತಿರುವಾಗ ಸಾಕೆಟ್‌ಗೆ ‘ಶೋ ಸ್ಟಾಟ್’ ಕಳಿಸಿ ನೋಡಿ, ‘ಅಪ್’ ಅನ್ನುತ್ತದೆ! ಎಚ್‌ಟಿಟಿಪಿ ತಪಾಸಣೆ ಹಾಕಬೇಕು. ತಪಾಸಣೆಯ ಪುಟವೂ ಡೇಟಾಬೇಸನ್ನು ಮುಟ್ಟಿ ಬರುವಂತಿರಬೇಕು.

ಇನ್ನೊಂದು ಕಿರಿಕಿರಿ. ಕಮಾಂಡ್ ಕೊಟ್ಟು ಒಂದು ಸರ್ವರನ್ನು ‘ಮೇಂಟ್’ಗೆ ಹಾಕಿದಿರಿ ಅನ್ನಿ. ಅದು ಕಾನ್ಫಿಗ್ ಫೈಲಿಗೆ ಹೋಗಲ್ಲ. ಸ್ಟೇಟ್ ಫೈಲಿನ ಏರ್ಪಾಟು ಇಲ್ಲದಿದ್ದರೆ, ಯಾರೋ ರೀಲೋಡ್ ಮಾಡಿದ ಕೂಡಲೇ ರಿಪೇರಿಗೆ ಬಿಚ್ಚಿಟ್ಟ ಸರ್ವರಿಗೇ ಮತ್ತೆ ಜನ ನುಗ್ಗುತ್ತಾರೆ.

ಹಾಗಾದರೆ ಮೆಚ್ಚುವಂಥದ್ದು? ಅದರ ಲಾಗ್. ಸಾಲಿನ ನಡುವೆ ಕೂತ ಎರಡು ಇಂಗ್ಲಿಷ್ ಅಕ್ಷರ ನೋಡಿ. ದೊಡ್ಡ ‘ಎಸ್’, ಪಕ್ಕದಲ್ಲಿ ‘ಸಿ’ ಇದ್ದರೆ ಸರ್ವರ್ ಕಡೆಯಿಂದ ಸಂಪರ್ಕವೇ ನಿರಾಕರಣೆ. ಸಣ್ಣ ‘ಎಸ್’, ಪಕ್ಕದಲ್ಲಿ ‘ಎಚ್’ ಇದ್ದರೆ ಸಂಪರ್ಕ ಸಿಕ್ಕಿತ್ತು, ಉತ್ತರ ಬರುವ ಮೊದಲೇ ಗಡುವು ಮುಗಿಯಿತು. ಮೊದಲನೆಯದಕ್ಕೆ ಪೋರ್ಟ್, ಫೈರ್‌ವಾಲ್ ನೋಡಿ. ಎರಡನೆಯದಕ್ಕೆ ಆ್ಯಪ್ ಯಾಕೆ ತೆವಳುತ್ತಿದೆ ಅಂತ ನೋಡಿ.

ಇಷ್ಟು ಚೊಕ್ಕವಾಗಿ ರೋಗ ಹೇಳಬಲ್ಲ ತಂತ್ರಾಂಶ, ಸ್ಥಿತಿ ಕೇಳಿದರೆ ಮಾತ್ರ ಬಾಗಿಲು ತೆರೆದಿದೆ ಅಂತ ಹೇಳಿ ಸುಮ್ಮನಾಗುತ್ತದೆ. ‘ಅಪ್’ ನೋಡಿ ಮಲಗಬೇಡಿ, ಲಾಗ್ ಓದಿ.