ಕಂಠಪಾಠದ ಕಂಪ್ಯೂಟರ್

ನನ್ನ ತಂಗಿಯ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಈಗ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾಳೆ. ಮೊನ್ನೆ ಭಾನುವಾರ ಅವರ ಮನೆಗೆ ಹೋದಾಗ ಅಡುಗೆಮನೆಯ ಹೊಸ್ತಿಲ ಬಳಿ ಕೂತು, ಕಣ್ಣು ಮುಚ್ಚಿಕೊಂಡು ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ಅದೊಂದು ಪೈಥಾನ್ ಪ್ರೋಗ್ರಾಂ. ಕೋಲನ್, ಕಂಸ, ಅಲ್ಪವಿರಾಮಗಳನ್ನೂ ಬಿಡದೆ ಸಾಲುಸಾಲಾಗಿ ಒಪ್ಪಿಸುತ್ತಿದ್ದಳು.

"ಇದೇನಮ್ಮಾ?" ಎಂದೆ.

"ಬೈನರಿ ಸರ್ಚ್, ಮಾಮು. ಪರೀಕ್ಷೆಗೆ ಬಂದೇ ಬರುತ್ತಂತೆ."

"ಇದು ಕೆಲಸ ಮಾಡಬೇಕಾದರೆ ಪಟ್ಟಿ ಮೊದಲೇ ಕ್ರಮದಲ್ಲಿರಬೇಕಲ್ಲ, ಯಾಕೆ?"

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಅದು ಗೈಡಿನಲ್ಲಿ ಇಲ್ಲ" ಎಂದಳು.

ಆ ಗೈಡನ್ನು ಇಸಿದುಕೊಂಡು ಮನೆಗೆ ತಂದೆ. ಕಥೆ ಬರೆಯುವ ನನ್ನ ಬಳಿಗೆ ವಿಮರ್ಶೆಗೆಂದು ಬರುವುದು ಕಥಾಸಂಕಲನಗಳು. ಅವುಗಳ ಪ್ರತಿಗಳು ಐನೂರು ಖರ್ಚಾದರೆ ಹೆಚ್ಚು. ಆದರೆ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ದಿಂಬಿನ ಕೆಳಗಿಟ್ಟುಕೊಂಡು ಮಲಗುವ ಈ ಪುಸ್ತಕಗಳನ್ನು ಯಾರೂ ವಿಮರ್ಶಿಸುವುದಿಲ್ಲ. ಒಂದು ಪೀಳಿಗೆಯ ಬುದ್ಧಿಯನ್ನು ತಿದ್ದುತ್ತಿರುವುದು ಅಥವಾ ಕೆಡಿಸುತ್ತಿರುವುದು ಯಾವ ಪುಸ್ತಕ ಎಂದು ಕೇಳಿದರೆ, ಉತ್ತರ ನಮ್ಮ ಕಥಾಸಂಕಲನಗಳಂತೂ ಅಲ್ಲ.

ಗೈಡಿನ ಪ್ರತಿ ಅಧ್ಯಾಯ ಶುರುವಾಗುವುದು ವಿಷಯದಿಂದಲ್ಲ, ಅಂಕಗಳ ಹಂಚಿಕೆಯಿಂದ. ಒಂದು ಅಂಕದವು ಎಷ್ಟು, ಐದು ಅಂಕದವು ಎಷ್ಟು ಎಂಬ ಲೆಕ್ಕ ಮೊದಲು. ಆಮೇಲೆ ಪ್ರಶ್ನೆ, ಕೆಳಗೆ ಚೌಕಟ್ಟಿನಲ್ಲಿ ಉತ್ತರ. ಹಿಂದೆ ಕೇಳಿದ ಪ್ರಶ್ನೆಗಳಿಗೆ ನಕ್ಷತ್ರದ ಗುರುತು. ಕೊನೆಯಲ್ಲಿ 'ಪಾಸಿಂಗ್ ಪ್ಯಾಕೇಜ್'. ಇಡೀ ಪುಸ್ತಕದಲ್ಲಿ 'ಯಾಕೆ' ಎಂಬ ಪ್ರಶ್ನೆ ಬರುವುದು ಬಲು ಅಪರೂಪ.

ಹಾಗೆಂದು ಗೈಡನ್ನು ಹಳಿದು ಸುಮ್ಮನಾಗುವುದು ಉಳ್ಳವರ ಮಾತಾಗುತ್ತದೆ. ಟ್ಯೂಷನ್ನಿಗೆ ಹಣವಿಲ್ಲದ ಮನೆಯಲ್ಲಿ ಗೈಡೇ ಮೇಷ್ಟ್ರು. ಅಂಕವಿಲ್ಲದ ತಿಳಿವಳಿಕೆಯನ್ನು ಯಾವ ಕಾಲೇಜೂ ಬಾಗಿಲಲ್ಲಿ ನಿಂತು ಸ್ವಾಗತಿಸುವುದಿಲ್ಲ. ನನ್ನ ತಂಗಿಯ ಗಂಡ ಹೊಲಿಗೆ ಅಂಗಡಿಯವರು. ಮಗಳು ಈ ವರ್ಷ ಪಾಸಾಗುವುದೆಂದರೆ ಅವಳ ಮದುವೆಯ ಮಾತು ಮೂರು ವರ್ಷ ಮುಂದಕ್ಕೆ ಹೋಗುವುದು ಎಂದರ್ಥ. ಆದ್ದರಿಂದ ಅವಳು ಬಾಯಿಪಾಠ ಮಾಡುವುದನ್ನು ಕಂಡು ನಗುವ ಹಕ್ಕು ನನಗಿಲ್ಲ. ನನ್ನ ತಕರಾರು ಬೇರೆ: ಬಾಯಿಪಾಠದಿಂದಲೇ ದಾಟಬಹುದಾದಂಥ ಹೊಳೆಯನ್ನು ನಾವು ಯಾಕೆ ಕಟ್ಟಿಟ್ಟಿದ್ದೇವೆ?

ಇದು ಇಂದಿನ ಕಥೆಯಲ್ಲ. ಪೈಥಾನ್ ಬರುವ ಮುಂಚೆ ನಮ್ಮ ಪಿಯುಸಿಯಲ್ಲಿ ಸಿ ಪ್ಲಸ್ ಪ್ಲಸ್ ಇತ್ತು. ಪ್ರಾಯೋಗಿಕ ಪರೀಕ್ಷೆಯ ಪ್ರೋಗ್ರಾಂಗಳ ಪಟ್ಟಿ ಮೊದಲೇ ಮಕ್ಕಳ ಕೈಯಲ್ಲಿರುತ್ತಿತ್ತು. ಆ ಪ್ರೋಗ್ರಾಂಗಳು ನೀಲಿ ಪರದೆಯ ಟರ್ಬೋ ಸಿ ಪ್ಲಸ್ ಪ್ಲಸ್‌ಗಾಗಿ ಬರೆದವು. ಬೋರ್ಲೆಂಡ್ ಕಂಪೆನಿ ಅದನ್ನು ತಂದದ್ದು 1990ರಲ್ಲಿ. ಆ ಭಾಷೆಗೆ ಅಂತಾರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಹಾಗೆ ಮಾನದಂಡ ಬಂದು ಹದಿನೈದು ವರ್ಷ ಕಳೆದ ಮೇಲೂ ನಮ್ಮ ಮಕ್ಕಳು ಅದಕ್ಕೆ ಮುಂಚಿನ ಸಾಲುಗಳನ್ನೇ ಉರು ಹೊಡೆಯುತ್ತಿದ್ದರು. ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಹೊಸ ಯಂತ್ರದಲ್ಲಿ ಅದನ್ನೇ ಬರೆದರೆ ಮೊದಲ ಸಾಲಿನಲ್ಲೇ ತಪ್ಪು ಎನ್ನುತ್ತಿತ್ತು.

ಈಗ ಎನ್‌ಸಿಇಆರ್‌ಟಿಯ ಪಠ್ಯ ಬಂದಿದೆ. 2020ರಲ್ಲಿ ಪ್ರಕಟವಾದ ಹನ್ನೆರಡನೆಯ ತರಗತಿಯ ಈ ಪುಸ್ತಕ ನಿಜಕ್ಕೂ ಮೇಲು. ಅದರ ಮೊದಲ ಅಧ್ಯಾಯವೇ ತಪ್ಪುಗಳ ಬಗ್ಗೆ: ಪ್ರೋಗ್ರಾಂ ಓಡುತ್ತಿರುವಾಗ ಎಡವಿದರೆ ಏನು ಮಾಡಬೇಕು ಎಂಬ ಬಗ್ಗೆ. ಕೊನೆಯ ಅಧ್ಯಾಯ, ಮಕ್ಕಳೇ ಗುಂಪಾಗಿ ಏನಾದರೊಂದು ಮಾಡಿ ನೋಡುವ ಬಗ್ಗೆ. ಆದರೆ ಗೈಡಿನ ಕೈಗೆ ಸಿಕ್ಕ ಮೊದಲ ಅಧ್ಯಾಯ ನಾಲ್ಕಾರು ವ್ಯಾಖ್ಯೆಗಳಾಗಿ ಒಣಗಿದೆ, ಕೊನೆಯದು ಕಾಣೆಯಾಗಿದೆ. ಪಠ್ಯ ಬದಲಾಯಿತು, ಭಾಷೆ ಬದಲಾಯಿತು, ಬಾಯಿಪಾಠ ಮಾತ್ರ ಇದ್ದಲ್ಲೇ ಇದೆ.

ಮುಂದಿನ ಭಾನುವಾರ ಉರ್ದು ನಿಘಂಟೊಂದನ್ನು ಹಿಡಿದುಕೊಂಡು ಹೋದೆ. ಒಂದು ಪದ ಹೇಳಿ ಹುಡುಕೆಂದೆ. ಅವಳು ನಡುವಿಗೆ ತೆರೆದಳು, ಅಕ್ಷರ ನೋಡಿದಳು, ಹಿಂದಿನ ಅರ್ಧವನ್ನು ಬಿಟ್ಟು ಮುಂದಿನ ಅರ್ಧದ ನಡುವಿಗೆ ಹೋದಳು. ಐದಾರು ಸಲಕ್ಕೆ ಪದ ಸಿಕ್ಕಿತು. "ಇದೇ ನಿನ್ನ ಬೈನರಿ ಸರ್ಚು" ಎಂದೆ. ಸಾವಿರ ಹೆಸರುಗಳ ಪಟ್ಟಿಯಾದರೂ ಹತ್ತು ಸಲ ನೋಡಿದರೆ ಸಾಕು. ಒಂದೊಂದಾಗಿ ನೋಡುತ್ತಾ ಹೋದರೆ ಸಾವಿರ ಸಲವೂ ಆದೀತು. ಪದಗಳು ಅಕ್ಷರಕ್ರಮದಲ್ಲಿ ಇಲ್ಲದಿದ್ದರೆ ಅರ್ಧವನ್ನು ಬಿಡುವ ಧೈರ್ಯ ಎಲ್ಲಿಂದ ಬರುತ್ತದೆ? ಅವಳಿಗೆ ತಟ್ಟನೆ ಹೊಳೆಯಿತು. ಮೂರು ದಿನ ಉರು ಹೊಡೆದ ಸಾಲುಗಳನ್ನು ಅಂದು ನೋಡದೆ ಬರೆದಳು. ಒಂದು ಕಡೆ ತನ್ನದೇ ಹೆಸರುಗಳನ್ನು ಕೊಟ್ಟಿದ್ದಳು, ಆದರೂ ಸರಿಯಾಗಿತ್ತು.

ಹಳೆಯ ಪಟ್ಟಿಯಲ್ಲಿ ವಿದ್ಯುತ್ ಬಿಲ್ ತಯಾರಿಸುವ ಪ್ರಶ್ನೆಯೊಂದಿತ್ತು. ಎಷ್ಟೋ ಮಕ್ಕಳು ಅದನ್ನು ಬರೆದು ಅಂಕ ಪಡೆದರು. ತಮ್ಮ ಮನೆಯ ಬಿಲ್ಲನ್ನು ಕೈಗೆತ್ತಿಕೊಂಡು ನೋಡಿದವರೆಷ್ಟೋ! ನಾನು ತಂಗಿಯ ಮನೆಯ ಮೊಳೆಗೆ ಸಿಕ್ಕಿಸಿದ್ದ ಬಿಲ್ಲನ್ನು ತೆಗೆದೆ. 2023ರಲ್ಲಿ ಗೃಹಜ್ಯೋತಿ ಜಾರಿಗೆ ಬಂದಾಗಿನ ನಿಯಮ ಹೀಗಿತ್ತು: 2022-23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿದರೆ ಬರುವಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200ರ ಒಳಗಿದ್ದರೆ ಮೀರಿದಷ್ಟಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್. ಸರಾಸರಿ 100 ಇದ್ದ ಮನೆಗೆ 110 ಉಚಿತ. 130 ಉರಿಸಿದರೆ 20 ಯೂನಿಟ್ಟಿನ ಹಣ. 200 ಉರಿಸಿದರೆ 90 ಯೂನಿಟ್ಟಿನದು. 201 ಆದರೆ?

"ಇನ್ನೂರಾ ಒಂದಕ್ಕೂ ಕೊಡಬೇಕು!" ಎಂದಳು ಹುಡುಗಿ. ಸ್ವಲ್ಪ ಹೊತ್ತು ಬಿಟ್ಟು, "ಒಂದು ಯೂನಿಟ್ಟಿಗೆ ಇಷ್ಟೊಂದಾ ಮಾಮು? ಈ ಗೆರೆ ಎಳೆದವರು ಯಾರು?" ಎಂದು ಕೇಳಿದಳು.

ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಎರಡು 'ಇಫ್'ಗಳಲ್ಲಿ ಮುಗಿಯುವ ಲೆಕ್ಕ. ಆದರೆ ಗೆರೆಯ ಆಚೆ ಈಚೆ ಏನಾಗುತ್ತದೆ ಎಂದು ನೋಡುವುದನ್ನು ಅದು ಕಲಿಸುತ್ತದೆ. ನಾಳೆ ಸರ್ಕಾರ ಶೇ. 10ನ್ನು ಶೇ. 20 ಮಾಡಿದರೆ ಅರ್ಥ ಮಾಡಿಕೊಂಡವಳು ಒಂದು ಸಂಖ್ಯೆ ತಿದ್ದುತ್ತಾಳೆ. ಉರು ಹೊಡೆದವಳು ಹೊಸ ಗೈಡಿಗಾಗಿ ಕಾಯುತ್ತಾಳೆ. ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ ಎಲ್ಲವೂ ಇಂದು ಕಂಪ್ಯೂಟರಿನ ಇಂಥ ಗೆರೆಗಳ ಮೇಲೆಯೇ ನಿಂತಿವೆ. ಆ ಗೆರೆಗಳನ್ನು ಓದಬಲ್ಲವರು ನಮ್ಮ ಮನೆಗಳಲ್ಲೂ ಇರಬೇಕಲ್ಲವೇ?

ಈ ರೋಗ ನಮ್ಮದೊಂದೇ ಅಲ್ಲ. ಇಂಗ್ಲೆಂಡ್ 2014ರಲ್ಲಿ ಶಾಲೆಗಳಲ್ಲಿ ಕಂಪ್ಯೂಟಿಂಗ್ ಕಲಿಕೆಯನ್ನು ಹೊಸದಾಗಿ ರೂಪಿಸಿ, ಐದು ವರ್ಷದ ಮಕ್ಕಳಿಂದಲೇ ಆರಂಭಿಸಿತು. ಹದಿನಾರರ ಹರೆಯದವರು ಬರೆಯುವ ಜಿಸಿಎಸ್ಇಯಲ್ಲಿ ಮಕ್ಕಳು ಇಪ್ಪತ್ತು ಗಂಟೆ ಕೂತು ಒಂದು ಪ್ರೋಗ್ರಾಂ ರಚಿಸಬೇಕೆಂಬ ಯೋಜನೆ ಇತ್ತು. ಒಳ್ಳೆಯ ಉದ್ದೇಶವೇ. ಆದರೆ ಪ್ರಶ್ನೆ ಎಲ್ಲರಿಗೂ ಒಂದೇ, ಮೊದಲೇ ಗೊತ್ತು. 2017ರಲ್ಲಿ ಉತ್ತರಗಳು ಅಂತರ್ಜಾಲದಲ್ಲಿ ಓಡಾಡತೊಡಗಿದವು. 2018ರ ಪರೀಕ್ಷೆಯಿಂದ ಆ ಕೆಲಸಕ್ಕೆ ಅಂಕವನ್ನೇ ತೆಗೆದುಹಾಕಿದರು. ಆ ಬಳಿಕ ಅಲ್ಲಿನ ಒಂದು ಮಂಡಳಿ, ಪಿಯರ್ಸನ್ ಎಡೆಕ್ಸೆಲ್, ಎರಡು ಗಂಟೆಯ ಒಂದು ಪತ್ರಿಕೆಯನ್ನು ಕಂಪ್ಯೂಟರಿನ ಮುಂದೆಯೇ ಇಟ್ಟಿತು: ಕಾಣದ ಪ್ರಶ್ನೆ, ಪೈಥಾನಿನಲ್ಲೇ ಬರೆ, ಓಡಿಸಿ ನೋಡು, ತಪ್ಪಿದರೆ ತಿದ್ದು. ನಮ್ಮ ಎಲ್ಲ ಕಾಲೇಜುಗಳಲ್ಲಿ ನಾಳೆಯೇ ಇದು ಸಾಧ್ಯವಿಲ್ಲ. ಆದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ, ಮಗು ಬರೆದ ಪ್ರೋಗ್ರಾಂನಲ್ಲೇ ಒಂದು ಸಾಲು ಬದಲಿಸಿ 'ಈಗ ಏನು ಬರುತ್ತದೆ ಹೇಳು' ಎಂದು ಕೇಳಲು ಯಾವ ಖರ್ಚೂ ಇಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ಗೋಡೆಯಿದೆ: ಭಾಷೆ. ಉರ್ದು ಅಥವಾ ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಕಂಪ್ಯೂಟರಿನ ಭಾಷೆ, ಇಂಗ್ಲಿಷ್ ಎರಡೂ ಒಟ್ಟಿಗೆ ಮೇಲೆ ಬೀಳುತ್ತವೆ. 'ವೇರಿಯಬಲ್' ಎಂದರೇನು ಎಂದು ಕೇಳಿದರೆ ಹುಡುಗಿ ಇಂಗ್ಲಿಷ್ ವ್ಯಾಖ್ಯೆಯನ್ನು ಗಿಣಿಯಂತೆ ಒಪ್ಪಿಸಿದಳು. ಅಡುಗೆಮನೆಯ ಡಬ್ಬಿ ತೋರಿಸಿದೆ. ಮೇಲಿನ ಚೀಟಿ ಹೆಸರು, ಒಳಗಿರುವುದು ಬೆಲೆ. ಇಂದು ಸಕ್ಕರೆ ಕಾಲು ಕಿಲೋ, ನಾಳೆ ಅರ್ಧ. ನಮ್ಮ ದಖನಿಯಲ್ಲಿ ಐದು ನಿಮಿಷದ ಮಾತು. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಲಿ, ಆದರೆ ಅರ್ಥ ಆಗುವುದು ಮನೆಮಾತಿನಲ್ಲಿ ಆಗಲಿ. ಇದಕ್ಕೆ ನಾಚುವ ಮೇಷ್ಟ್ರುಗಳನ್ನು ಕಂಡಿದ್ದೇನೆ. ನಾಚಬೇಕಾದದ್ದು ಅರ್ಥವಾಗದ ಇಂಗ್ಲಿಷಿಗೆ.

ನಮ್ಮ ಸಮಾರಂಭಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಒಂಬತ್ತನೆಯ ಶತಮಾನದ ಬಗ್ದಾದಿನ ಅಲ್ ಖ್ವಾರಿಝ್ಮಿಯ ಹೆಸರಿನಿಂದಲೇ 'ಅಲ್ಗಾರಿದಮ್' ಪದ ಬಂತು ಎಂದು. ನಿಜವೇ. ಚಪ್ಪಾಳೆಯೂ ಬೀಳುತ್ತದೆ. ಆದರೆ ಆ ಸಭೆಯ ಹಿಂದಿನ ಸಾಲಿನಲ್ಲಿ ಕೂತ ಹುಡುಗಿಗೆ ಐದು ಸಂಖ್ಯೆಗಳನ್ನು ಬಬಲ್ ಸಾರ್ಟ್‌ನಿಂದ ಜೋಡಿಸಲು ಹೆಚ್ಚೆಂದರೆ ಹತ್ತು ಹೋಲಿಕೆ ಬೇಕು, ಯಾಕೆಂದರೆ ನಾಲ್ಕು, ಮೂರು, ಎರಡು, ಒಂದು ಕೂಡಿದರೆ ಹತ್ತು ಎಂದು ಕಾಗದದ ಮೇಲೆ ತೋರಿಸುವವರು ಇಲ್ಲ. ಸನ್ಮಾನದ ಶಾಲಿನ ಹಣದಲ್ಲಿ ಒಂದು ಹಳೆಯ ಕಂಪ್ಯೂಟರ್ ತಂದು ಮೊಹಲ್ಲಾದ ಲೈಬ್ರರಿಯಲ್ಲಿ ಇಡಬಹುದು. ಅದೂ ಆಗದಿದ್ದರೆ ಮನೆಯ ಮೊಬೈಲಿನಲ್ಲೇ ಪೈಥಾನ್ ಬರೆದು ಓಡಿಸಬಹುದು. ಸಂಜೆ ಒಂದು ಗಂಟೆ ಅದನ್ನು ಅಣ್ಣನ ಕೈಯಿಂದ ತಂಗಿಯ ಕೈಗೆ ಕೊಟ್ಟರಾಯಿತು.

ಗೈಡನ್ನು ಹಿಂದಿರುಗಿಸಿದ್ದೇನೆ. ಪಾಸಿಂಗ್ ಪ್ಯಾಕೇಜನ್ನೂ ಓದಲಿ, ಬೇಡವೆನ್ನಲು ನಾನ್ಯಾರು? ನಿನ್ನೆ ರಾತ್ರಿ ತಂಗಿಯ ಫೋನು ಬಂತು: "ಭಾಯೀ, ಇವಳು ನಿನ್ನೆಯಿಂದ ಮೊಬೈಲು ಬಿಡುತ್ತಿಲ್ಲ. ಕೆಂಪು ಅಕ್ಷರದಲ್ಲಿ ಏನೇನೋ ತಪ್ಪು ಎಂದು ಬರುತ್ತಿದೆ, ಅದನ್ನು ನೋಡಿ ನಗುತ್ತಿದ್ದಾಳೆ." ತಪ್ಪು ಕಂಡು ಹೆದರದೆ ನಗುವ ಮಗುವಿನ ಬಗ್ಗೆ ನನಗೆ ಭರವಸೆ ಇದೆ. ಅವಳಿಗೆ ಅಂಕ ಕೊಡಬಲ್ಲ ಪರೀಕ್ಷೆಯೊಂದನ್ನು ರೂಪಿಸುವುದು ದೊಡ್ಡವರ ಕೆಲಸ.